ಟೆಂಪರವರಿ ಅಳಿಯ

ಹಸಿ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಇಟ್ಟಾಗ ಏಳುವ ವಾಸನೆ ನಿಮಗೆ ಗೊತ್ತಿರಬೇಕು. ಸ್ವಲ್ಪ ಹೊಗೆ, ಸ್ವಲ್ಪ ಗಂಜಿ, ಸ್ವಲ್ಪ ಬೆಚ್ಚಗಿನ ಉಗಿ. ಇವತ್ತು ಮುಂಜಾನೆ ಹಾಲು ತರಲು ಹೋದವನು ನಮ್ಮ ಓಣಿಯ ತಿರುವಿನಲ್ಲಿ ಆ ವಾಸನೆಗೆ ಸಿಕ್ಕಿಬಿದ್ದು ಅಲ್ಲೇ ನಿಂತುಬಿಟ್ಟೆ. ಇಸ್ತ್ರಿಯವನು ತಲೆ ಎತ್ತಿ, ಬಟ್ಟೆ ತಂದಿದ್ದೀರಾ ಎಂಬಂತೆ ನೋಡಿದ. ನನ್ನ ಕೈಯಲ್ಲಿ ಹಾಲಿನ ಪ್ಯಾಕೆಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಮನಸ್ಸು ಮಾತ್ರ ಅಷ್ಟರಲ್ಲಿ ಅಫಜಲಪುರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಎದುರಿಗಿದ್ದ ಒಂದು ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿಯಾಗಿತ್ತು.

ಅದು ನನ್ನ ಮಾವ ಶರಣಪ್ಪನವರ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅವರ ಬಗ್ಗೆ ಹೇಳುವ ಮೊದಲು ನನ್ನ ಅಂದಿನ ಅವಸ್ಥೆಯನ್ನು ಸ್ವಲ್ಪ ಹೇಳಬೇಕು.

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿಯ ಕಾಲೇಜೊಂದರಲ್ಲಿ ಪಿಯುಸಿ ಹುಡುಗರಿಗೆ ಇತಿಹಾಸ ಕಲಿಸುತ್ತಿದ್ದೆ. ಸರಕಾರಿ ನೌಕರಿ ಹೌದು, ಆದರೆ ಟೆಂಪರವರಿ. ಜೂನ್ ತಿಂಗಳಲ್ಲಿ ಆರ್ಡರ್ ಬರುತ್ತಿತ್ತು, ಪರೀಕ್ಷೆ ಮುಗಿಯುತ್ತಲೇ ಅದರ ಆಯುಷ್ಯವೂ ಮುಗಿಯುತ್ತಿತ್ತು. ಬೇಸಿಗೆಯಲ್ಲಿ ನಾನು ಆಳಂದದ ಅಣ್ಣನ ಮನೆ ಸೇರುತ್ತಿದ್ದೆ. ಆಗ ಯಾರಾದರೂ, ‘ಏನ್ ಮಾಡ್ತೀರಿ?’ ಎಂದು ಕೇಳಿದರೆ ನನಗೆ ವ್ಯಾಕರಣದ ತೊಡಕು. ಪಾಠ ಮಾಡುತ್ತೇನೆ ಎನ್ನಬೇಕೋ, ಮಾಡುತ್ತಿದ್ದೆ ಎನ್ನಬೇಕೋ, ಮಾಡುವವನಿದ್ದೇನೆ ಎನ್ನಬೇಕೋ? ಸಾಮ್ರಾಜ್ಯಗಳು ಯಾಕೆ ಬಿದ್ದವೆಂದು ಬೋರ್ಡಿನ ತುಂಬ ಬರೆಯುತ್ತಿದ್ದ ಮನುಷ್ಯನಿಗೆ ಬರುವ ಜೂನ್ ಏನಾದೀತೆಂಬುದು ತಿಳಿದಿರಲಿಲ್ಲ. ಜೇವರ್ಗಿಯ ಬಾಡಿಗೆ ಕೋಣೆಗೆ ನಾನೊಂದು ಮಂಚವನ್ನೂ ಕೊಳ್ಳಲಿಲ್ಲ. ಮಂಚವೆಂದರೆ ಖಾಯಂ ನೌಕರರ ವಸ್ತು ಎಂಬುದು ನನ್ನ ತಿಳುವಳಿಕೆ. ಸುತ್ತಿ ಹೆಗಲಿಗೇರಿಸಬಹುದಾದ ಹಾಸಿಗೆಯೇ ನಮ್ಮಂಥವರಿಗೆ ಸರಿ.

ಹೀಗಿರುವಾಗ ಅಣ್ಣ ನನಗೆ ಹೆಣ್ಣು ನೋಡಲು ಹೊರಟ. ಎಲ್ಲ ಮನೆಗಳಲ್ಲೂ ಒಂದೇ ಪ್ರಶ್ನೆ, ‘ನೌಕರಿ ಖಾಯಂ ಏನ್ರಿ?’ ಉತ್ತರ ಕೇಳಿದ ಮೇಲೆ ಚಹಾ ಬರುತ್ತಿತ್ತು, ಹುಡುಗಿ ಬರುತ್ತಿರಲಿಲ್ಲ. ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ನನಗೊಬ್ಬ ತಂಗಿಯಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಅಫಜಲಪುರದ ಶರಣಪ್ಪನವರು ಮಾತ್ರ ಕೊರಳಲ್ಲಿ ಅಳತೆಯ ಪಟ್ಟಿ ಹಾಕಿಕೊಂಡೇ ಕೂತು, ಪಾಠ ಹೇಳುವುದು ನನ್ನ ಮನಸ್ಸಿಗೆ ಸೇರುತ್ತದೆಯೋ ಇಲ್ಲವೋ ಎಂದು ಕೇಳಿದರು. ಅಂಥ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲವಾದ್ದರಿಂದ ನಾನು ಬಹಳ ಹೊತ್ತು ಉತ್ತರ ಹೇಳಿದೆ. ಅಣ್ಣ ಎರಡು ಸಲ ಕೆಮ್ಮಿದ. ಚಹಾ ಆರಿ ಕೆನೆಗಟ್ಟಿತು. ಆ ದಿನ ಚಹಾದ ಹಿಂದೆ ಹುಡುಗಿಯೂ ಬಂದಳು. ಹೆಸರು ಮಹಾದೇವಿ. ಅವಳು ತಲೆ ಎತ್ತಲಿಲ್ಲ, ನಾನೂ ಸರಿಯಾಗಿ ನೋಡಲಿಲ್ಲ, ಆದರೂ ಇಬ್ಬರೂ ಒಪ್ಪಿದೆವು. ಹೊಸ ಆರ್ಡರ್ ಬಂದ ಮೇಲೇ ಆಗಲಿ ಎಂದು ಅಣ್ಣ ಮದುವೆಯನ್ನು ಶ್ರಾವಣಕ್ಕೆ ಇಡಿಸಿದ.

ಜೂನ್ ಬಂತು. ಆರ್ಡರ್ ಬರಲಿಲ್ಲ. ಜೇವರ್ಗಿಗೆ ಹೋದರೆ ಪ್ರಿನ್ಸಿಪಾಲರು ಕೂಡಿಸಿ, ಚಹಾ ತರಿಸಿ, ನನ್ನ ಜಾಗಕ್ಕೆ ಬೇರೆ ಊರಿನಿಂದ ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದಿದ್ದಾರೆಂದು ಹೇಳಿದರು. ನನ್ನಲ್ಲಿ ಯಾವ ದೋಷವೂ ಇಲ್ಲವೆಂದೂ ಹೇಳಿದರು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಬಂದವರಿಗೂ ಮನೆ ಮಕ್ಕಳು ಇದ್ದರು, ಪ್ರಿನ್ಸಿಪಾಲರ ಕಣ್ಣಲ್ಲಿ ನೀರಾಡುತ್ತಿತ್ತು. ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿದೆ.

ಆಳಂದದಲ್ಲಿ ಅಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಕೊನೆಗೆ, ಈ ಸುದ್ದಿ ಅಫಜಲಪುರಕ್ಕೆ ಮುಟ್ಟುವುದು ಬೇಡ, ತಾಳಿ ಕಟ್ಟಿದ ಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂದ. ಅವನು ಕೆಟ್ಟವನಲ್ಲ. ತಾಯಿತಂದೆಯಿಲ್ಲದ ತಮ್ಮನಿಗೆ ಒಂದು ಮನೆಯಾಗಲಿ ಎಂಬುದಷ್ಟೇ ಅವನ ಆಸೆ. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಮರುದಿನ ಅವನಿಗೆ ಹೇಳದೆ ಗುಲ್ಬರ್ಗಾಕ್ಕೆ ಬಂದು ಅಫಜಲಪುರದ ಬಸ್ಸು ಹಿಡಿದೆ.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿದೆ. ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗುವ ಭಕ್ತರು ಗಂಟುಮೂಟೆ ಸಮೇತ ಇಳಿಯತೊಡಗಿದರು. ಅವರ ಸಂಗಡ ನಾನೂ ಇಳಿದು, ಎದುರಿನ ಬಸ್ಸು ಹತ್ತಿ ವಾಪಸ್ಸಾಗಿಬಿಡಲೇ ಎನಿಸಿತು. ಎದ್ದೂ ನಿಂತೆ. ಅಷ್ಟರಲ್ಲಿ ಒಬ್ಬ ಅಜ್ಜಿ ನನ್ನ ಸೀಟಿನಲ್ಲಿ ಕೂತುಬಿಟ್ಟಳು, ಕಂಡಕ್ಟರ್ ಸೀಟಿ ಹೊಡೆದ. ಹೀಗೆ ಮುಂದಿನ ದಾರಿಯನ್ನು ನಿಂತೇ ಕಳೆದೆ. ಧೈರ್ಯದಿಂದ ಅಲ್ಲಿಗೆ ಹೋದೆನೆಂದು ಈಗ ಹೇಳಿಕೊಳ್ಳಬಹುದು, ಆದರೆ ಅರ್ಧದಷ್ಟು ಕೀರ್ತಿ ಆ ಅಜ್ಜಿಗೆ ಸಲ್ಲಬೇಕು.

ಅಂಗಡಿಯಲ್ಲಿ ಮಾವನವರು ಇಸ್ತ್ರಿ ಮಾಡುತ್ತಿದ್ದರು. ಅವರ ತಮ್ಮ, ಶೇಂಗಾದ ವ್ಯಾಪಾರಿ ಮಲ್ಲಣ್ಣ, ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಾಣುತ್ತಲೇ ಮಾವನವರ ಮುಖ ಅರಳಿತು.

“ಬರ್ರಿ ಮಾಸ್ತರ, ಚೊಲೋ ವ್ಯಾಳ್ಯಾಕ ಬಂದ್ರಿ. ಮದವಿ ಕೋಟಿನ ಅಳತಿ ತೊಗೋಬೇಕಾಗಿತ್ತು.”

ನಾನು ಬಾಯಿ ತೆರೆಯುವುದರೊಳಗೆ ನನ್ನನ್ನು ನಿಲ್ಲಿಸಿ, ಎರಡೂ ತೋಳು ಅಗಲಿಸಿ, ಎದೆಯ ಸುತ್ತ ಪಟ್ಟಿ ಹಾಕಿಯೇಬಿಟ್ಟರು. ಬಸ್ಸಿನಲ್ಲಿ ತಿದ್ದಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಹೊಲದಲ್ಲಿ ನಿಲ್ಲಿಸಿದ ಬೆರ್ಚಪ್ಪನಂತೆ ಕೈ ಚಾಚಿಕೊಂಡು ನಿಂತೇ ಹೇಳಿದೆ, “ಮಾಮಾ, ಈ ಸಲ ಆರ್ಡರ್ ಬಂದಿಲ್ರಿ. ನೌಕರಿ ಹೋಗೇದ. ನೀವು ಬ್ಯಾರೆ ಕಡೆ ನೋಡಿದ್ರೂ ನಾ ತಪ್ಪು ತಿಳಕೊಳ್ಳಂಗಿಲ್ಲ.”

ಪಟ್ಟಿ ಹಿಡಿದ ಕೈ ಒಂದು ಗಳಿಗೆ ನಿಂತಿತು.

“ಉಸರ ಬಿಡ್ರಿ,” ಎಂದರು ಮಾವ. “ಉಸರ ಹಿಡಕೊಂಡು ನಿಂತ್ರ ಅಳತಿ ತಪ್ಪತದ.”

ಉಸಿರು ಬಿಟ್ಟೆ. ಎಷ್ಟು ದಿನಗಳಿಂದ ಹಿಡಿದಿದ್ದೆನೋ, ಬಿಟ್ಟೊಡನೆ ಕಣ್ಣು ಮಂಜಾದವು. ಅವರು ಅದನ್ನು ನೋಡದವರಂತೆ ಬೆನ್ನ ಹಿಂದೆ ಹೋಗಿ ಭುಜದ ಅಳತೆ ತೆಗೆಯತೊಡಗಿದರು.

ಮಲ್ಲಣ್ಣನವರಿಗೆ ತಡೆಯಲಾಗಲಿಲ್ಲ. “ಅಣ್ಣಾ, ಅವರ ತಾವಾಗಿ ಬಿಟ್ಟು ಕೊಡಾಕ ಬಂದಾರ. ನೀ ಅಳತಿ ತೊಗೊಳ್ಳಾಕತ್ತೀಯಲ್ಲ. ಹುಡುಗಿ ಬಾಳೇವಿನ ಮಾತದು,” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

“ಬಾಳೇವು ಆಕಿದದ. ಆಕಿನ್ನ ಕೇಳೂನು,” ಎಂದು ಮಾವನವರು ಒಳಗಿನ ಬಾಗಿಲ ಕಡೆ ತಿರುಗಿ ಮಗಳನ್ನು ಕರೆದರು.

ಮಹಾದೇವಿ ಬಂದು ಬಾಗಿಲ ಮರೆಯಲ್ಲಿ ನಿಂತಳು. ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ತಂದೆ ನಡೆದದ್ದನ್ನು ಚಿಕ್ಕದಾಗಿ ಹೇಳಿದರು. ಆಮೇಲೆ ನಾನು ಮೊದಲ ಸಲ ಅವಳ ದನಿ ಕೇಳಿದೆ. ಅವಳು ನೇರ ನನ್ನನ್ನೇ ಕೇಳಿದಳು.

“ನೌಕರಿ ಹೋದ್ರ ಪಾಠ ಹೇಳಾಕೂ ಬರಂಗಿಲ್ಲೇನ್ರಿ?”

“ಬರ್ತದ,” ಎಂದೆ.

ಅವಳು ತಂದೆಗೆ ಹೇಳಿದಳು, “ಹಂಗಾರ ಕೋಟ ಹೊಲಿ, ಅಪ್ಪಾ.”

ಶ್ರಾವಣದಲ್ಲಿ ಮದುವೆಯಾಯಿತು. ಆ ಕೋಟು ನನಗೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಉಂಡು ಹೊರಟ ಬೀಗರೊಬ್ಬರು ನಾನು ಯಾವ ಆಫೀಸಿನಲ್ಲಿ ಸಾಹೇಬನೆಂದು ಅಣ್ಣನನ್ನು ಕೇಳಿದರಂತೆ. ಅಣ್ಣ ಅವರಿಗೆ ಇನ್ನೊಂದು ವೀಳ್ಯದೆಲೆ ಕೊಟ್ಟು ಮಾತು ತಿರುಗಿಸಿದ. ನನ್ನನ್ನು ಅಚ್ಚರಿಗೊಳಿಸಿದವರು ಮಲ್ಲಣ್ಣ. ಮದುವೆಯ ಮೇಲೆ ಮಾವನವರ ಮನೆಯಲ್ಲೇ ಉಳಿದಿದ್ದ ನನ್ನ ಬಳಿಗೆ ವಾರದೊಳಗೆ ಬಂದು, ಸುಗ್ಗಿಯವರೆಗೆ ತಮ್ಮ ಶೇಂಗಾದ ಗೋದಾಮು ಖಾಲಿಯಿರುತ್ತದೆ, ಅಲ್ಲಿ ಟ್ಯೂಷನ್ ನಡೆಸಿರಿ ಎಂದು ಕೀಲಿ ಕೊಟ್ಟರು. ತಾವೇ ನಿಂತು ಕಸ ಹೊಡೆಸಿದರು. ಮ್ಯಾಟ್ರಿಕ್ ನಪಾಸಾದ ಹುಡುಗ ಹುಡುಗಿಯರು ಗೋಣಿಚೀಲದ ಮೇಲೆ ಕೂತು, ಶೇಂಗಾದ ಧೂಳಿಗೆ ಸೀನುತ್ತ ನನ್ನ ಪಾಠ ಕೇಳಿದರು. ಸುಗ್ಗಿ ಬಂದಾಗ ಮಲ್ಲಣ್ಣ ಚೀಲಗಳನ್ನು ಒಂದು ಬದಿಗೆ ಒಟ್ಟಿ ನಮಗೆ ಅರ್ಧ ಗೋದಾಮು ಉಳಿಸಿದರು. ಕೆಲವೊಮ್ಮೆ ತಾವೂ ಚೀಲಕ್ಕೆ ಒರಗಿ ಕೂತು ಪಾಠ ಕೇಳಿ, ಆ ರಾಜ ಆಮೇಲೆ ಏನಾದ ಎಂದು ರಾತ್ರಿ ಊಟಕ್ಕೆ ಕೂತಾಗ ವಿಚಾರಿಸುತ್ತಿದ್ದರು.

ಅತ್ತ ನನ್ನಂತೆ ವರ್ಷ ವರ್ಷ ದುಡಿದು ಹೊರಬಿದ್ದ ಉಪನ್ಯಾಸಕರು ಒಟ್ಟಾಗಿ ಕೋರ್ಟಿಗೆ ಹೋದರು. ನಾನೂ ಸೇರಿಕೊಂಡೆ. ಕೇಸು ತನ್ನ ಪಾಡಿಗೆ ತಾನು ತೆವಳಿತು. ನಮ್ಮನ್ನು ಮರಳಿ ತೆಗೆದುಕೊಳ್ಳಬೇಕೆಂದು ತೀರ್ಪಾಗುವ ಹೊತ್ತಿಗೆ ನಮ್ಮ ಮಗಳು ನಡೆಯುತ್ತಿದ್ದಳು. ಆಳಂದದ ಕಡೆಯೇ ಕೆಲಸ ಸಿಕ್ಕಿತು. ಖಾಯಂ ಆರ್ಡರ್ ಬಂದದ್ದು ಇನ್ನೂ ಕೆಲವು ವರ್ಷಗಳ ಮೇಲೆ, ತೊಂಬತ್ತರ ದಶಕದಲ್ಲಿ.

ಅದನ್ನು ಮೊದಲು ತೋರಿಸಿದ್ದು ಮಾವನವರಿಗೆ. ಆಗ ಅವರ ಕಣ್ಣು ಮಂದವಾಗಿದ್ದವು, ಹೊಲಿಗೆ ನಿಂತಿತ್ತು. ಕಾಗದವನ್ನು ಬೆಳಕಿಗೆ ಹಿಡಿದು ಓದಿ, “ಚೊಲೋ ಆತು,” ಎಂದಷ್ಟೇ ಹೇಳಿ ಮುಖ ತೊಳೆಯಲು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಆಗ ಅತ್ತೆ ದನಿ ತಗ್ಗಿಸಿ ನನಗೊಂದು ಸಂಗತಿ ಹೇಳಿದರು. ಅಂದು ನಾನು ಅಳತೆ ಕೊಟ್ಟು ಹೋದ ಮೇಲೆ ಮಾವನವರು ಗಿರಾಕಿಯೊಬ್ಬರ ಅಂಗಿ ಕತ್ತರಿಸಲು ಕೂತರಂತೆ. ಎರಡೂ ತೋಳನ್ನು ಒಂದೇ ಕೈಗೆ ಆಗುವಂತೆ ಕತ್ತರಿಸಿಬಿಟ್ಟರಂತೆ. ಹೊಲಿಗೆ ಹಿಡಿದಂದಿನಿಂದ ಅಂಥ ತಪ್ಪು ಆಗಿರಲಿಲ್ಲ.

“ಹೆದರಿದ್ರು ಅವರು,” ಎಂದರು ಅತ್ತೆ. “ಮಗಳ ಬಾಳೇವು ಏನಾಗತದೋ ಅಂತ. ನಿಮ್ಮ ಮುಂದ ತೋರಿಸಲಿಲ್ಲ, ಅಷ್ಟ.”

ಅಲ್ಲಿಯವರೆಗೆ ಮಾವನವರು ಹೆದರಿಕೆಯನ್ನೇ ಅರಿಯದ ಗಟ್ಟಿ ಮನುಷ್ಯ, ಅದಕ್ಕೇ ಅಂದು ಹಾಗೆ ನಡೆದುಕೊಂಡರು ಎಂದು ನಾನು ತಿಳಿದಿದ್ದೆ. ತಾವೇ ಹೆದರಿಕೊಂಡಿದ್ದಾಗ ಅವರು ನನಗೆ ಉಸಿರು ಬಿಡಲು ಹೇಳಿದ್ದರು. ಹಿತ್ತಲಿನಿಂದ ಅವರು ಬಂದಾಗ ಕಾಲಿಗೆ ಬಿದ್ದೆ. ಏನೋ ಹಬ್ಬವಿರಬೇಕೆಂಬಂತೆ ಗಲಿಬಿಲಿಗೊಂಡು ತಲೆ ಮುಟ್ಟಿದರು. ಈಗ ಅವರಿಲ್ಲ. ಮಲ್ಲಣ್ಣನವರೂ ಇಲ್ಲ.

ಇವತ್ತು ಮುಂಜಾನೆ ಮನೆಗೆ ಬಂದು, ಚಹಾ ಕುಡಿಯುತ್ತ ಮಹಾದೇವಿಯೆದುರು ಇದನ್ನೆಲ್ಲ ಮತ್ತೆ ಹೇಳಿದೆ. ಅವಳು ಎಂದಿನಂತೆ ಹ್ಞೂಂಗುಟ್ಟುತ್ತ ಸೊಪ್ಪು ಸೋಸುತ್ತಿದ್ದಳು. ಹೇಳುತ್ತ ಹೇಳುತ್ತ ಒಂದು ಪ್ರಶ್ನೆ ಹೊಳೆಯಿತು. ಇಷ್ಟು ವರ್ಷ ಯಾಕೆ ಕೇಳಲಿಲ್ಲವೋ ತಿಳಿಯದು. ಅವಳ ಆ ಕೋಟಿನ ಮಾತನ್ನು ನಾನು ಎಷ್ಟೋ ಜನರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಅವಳಿಗೆ ಹೇಗಾಗಿತ್ತೆಂದು ಮಾತ್ರ ಕೇಳಿರಲಿಲ್ಲ.

“ಅವತ್ತ ನಿನಗೂ ಹೆದರಿಕಿ ಆಗಿತ್ತೇನು?”

ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದಳು, “ಆಗದ ಇರತದೇನ್ರಿ? ಬಾಗಲಾ ಗಟ್ಟಿ ಹಿಡಕೊಂಡು ನಿಂತಿದ್ದೆ.”

ನನಗೆ ಸೀರೆಯ ಅಂಚೊಂದೇ ಕಂಡಿತ್ತು.

ಎದ್ದು, ಅವಳ ಬಟ್ಟಲನ್ನೂ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಇನ್ನೊಂದು ಸಲ ಚಹಾ ಮಾಡಿದೆ. ಅಭ್ಯಾಸವಿಲ್ಲದ ಕೈ, ಸಕ್ಕರೆ ಹೆಚ್ಚಾಗಿತ್ತು. ಅವಳು ಅದನ್ನು ಪೂರ್ತಿ ಕುಡಿದಳು.