ಬಾಗಿದ ಬೆನ್ನು ಹಿಡಿಯುವ ಹೊಳೆವ್ವ

ಜಮಖಂಡಿಯ ಖಾಸಗಿ ಆಸ್ಪತ್ರೆಯೊಂದರ ಕೋಣೆ. ಕಿಟಕಿಯಾಚೆ ಆಗಷ್ಟೇ ಬೆಳಕು ಹರಿಯುತ್ತಿದೆ. ಮಗ್ಗುಲಾಗಿ ಮಲಗಿದ ಹೆಣ್ಣುಮಗಳನ್ನು ಆಯಾ ಹೊಳೆವ್ವ ಮಂಡಿ ಎದೆಗೆ ತಾಗುವಂತೆ ಮಡಚಿ, ಅಪ್ಪಿ ಹಿಡಿದಿದ್ದಾಳೆ. ಬೆನ್ನಹಿಂದೆ ಡಾಕ್ಟರು ಸೂಜಿ ಹಿಡಿದು ಕೂತಿದ್ದಾರೆ. ಬೆನ್ನುಹುರಿಯ ಸುತ್ತಲಿನ ನೀರು ತೆಗೆಯಬೇಕು. ಅಲುಗಿದರೆ ಕೆಲಸ ಕೆಟ್ಟಿತು.

ಗೋಣು ಬಾಗಿಸಿದ್ದೇ ತಡ, ಆಕೆ ಬೆಚ್ಚುತ್ತಾಳೆ. “ಅಕ್ಕಾ, ಬೆನ್ನಾಗ ಕರೆಂಟ್ ಹರದಂಗಾತು. ಹಿಂದ ಯಾರ ಅದಾರ?”

“ಡಾಕ್ಟರ್ ಅದಾರ ಬೇ. ಇಷ್ಟ ನಸುಕಿನ್ಯಾಗ ಬ್ಯಾರೆ ಯಾರ ಬರ್ತಾರ?”

ರಬಕವಿಯ ಪವರ್‌ಲೂಮ್ ಮನೆಯ ಸೊಸೆ ಈಕೆ. ರಾಜಶ್ರೀ ಎನ್ನೋಣ, ಹೆಸರು ಬದಲಿಸಿದ್ದೇನೆ. ಕಾಲು ಒಣಗಿಯೇ ಇದ್ದರೂ ಯಾರೋ ಅದರ ಮೇಲೆ ನೀರು ಸುರಿದಂತಾಗುತ್ತದೆ. ಒಂದು ಕಣ್ಣಿಗೆ ಕೆಂಪು ಸೀರೆ ಬೂದಿಯಂತೆ ಕಾಣುತ್ತದೆ. ಮೈಯೊಳಗೆ ದೆವ್ವ ಹೊಕ್ಕಿದೆಯೆಂದು ಮನೆಯವರು ಅಂಜಿ, ಈಕೆಯ ಕೂಸನ್ನು ರಾತ್ರಿ ಬೇರೆ ಕೋಣೆಯಲ್ಲಿ ಮಲಗಿಸುತ್ತಿದ್ದಾರೆ.

ಹೊಳೆವ್ವ ಬೀಳಗಿ ಕಡೆಯ ಕುರಿಗಾರರ ಮಗಳು. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ ಈ ಕೆಲಸಕ್ಕೆ ಬಂದವಳು. ದಿನವಿಡೀ ನಿಂತು ಸೊಂಟ ಹಿಡಿದರೂ ನಗುತ್ತಲೇ ಹೇಳುತ್ತಾಳೆ: “ಉಣ್ಣೆ ಕತ್ತರಸೂ ಮುಂದ ಕುರಿ ಹಿಡಿದ ಕೈರಿ ಇವು. ಬಿಗಿ ಹಿಡಿದ್ರ ಅಂಜತೈತಿ, ಸಡ್ಲ ಬಿಟ್ರ ಒದಿತೈತಿ. ಮಂದಿನೂ ಹಂಗರಿ. ಕುರಿ ಬೈಯೂದಿಲ್ಲ, ಅಷ್ಟ ಫರಕ.”

ನೀರು ಬಂತು. ಬಾಗಿಲಲ್ಲಿ ಕಾದಿದ್ದ ಅತ್ತೆ ಸೋಮವ್ವ ತೋರಿಸಿ ಎಂದು ಹಟ ಹಿಡಿಯುತ್ತಾರೆ. ಕೊಳವೆ ನೋಡಿದವರೇ ಹಿಂದೆ ಸರಿಯುತ್ತಾರೆ.

“ಕರ್ರಗ ಇರ್ತೈತಿ ಅಂತ ತಿಳಿದಿದ್ನಿ. ಇದು ಕುಡಿಯೂ ನೀರಿನಂಗ ತಿಳಿ ಐತಿ. ರೋಗ ಇಲ್ಲ. ಅಂದ್ರ ಒಳಗ ಇರೂದು ಅದೇ. ನಡೀರಿ ಮನಿಗೆ.”

ಆದರೆ ಇನ್ನೂ ರಕ್ತ ತೆಗೆದಿಲ್ಲ. ಬೆನ್ನುನೀರಿನಲ್ಲಿ ಲ್ಯಾಬಿಗೆ ಕಾಣುವುದು ರಕ್ತದಲ್ಲೂ ಇದೆಯೇ ಎಂದು ಹೋಲಿಸದೆ ಈ ಪರೀಕ್ಷೆ ಮುಗಿಯದು.

ಹೊಳೆವ್ವ ಹಿಡಿದ ಕೈ ಬಿಡುವುದಿಲ್ಲ. “ನೀರಾಗ ಉಪ್ಪು ಹಾಕಿದ್ರ ಕಾಣತೈತೇನ್ ಯವ್ವಾ? ನಾಲಿಗಿಗೆ ಹಚ್ಚಿದ್ರ ತಿಳೀತೈತಿ. ಇದರ ನಾಲಿಗಿ ಲ್ಯಾಬಿನ್ಯಾಗ ಐತಿ.”

ಮಲಗಿದಲ್ಲಿಂದಲೇ ರಾಜಶ್ರೀ ತೋಳು ಚಾಚುತ್ತಾಳೆ. “ರಕ್ತಾ ತಗೀರಿ. ಏನ ಇದ್ರೂ ಅದರ ಹೆಸರಾದ್ರೂ ತಿಳೀಲಿ.”

ಕೆಲವು ದಿನಗಳ ಬಳಿಕ ವರದಿ ಬರುತ್ತದೆ. ಲ್ಯಾಬಿನ ಪರೀಕ್ಷೆಯಲ್ಲಿ ಬೆನ್ನುನೀರಿನಲ್ಲಿ ಮೂಡಿದ ಪ್ರೋಟೀನ್ ಪಟ್ಟೆಗಳು ರಕ್ತದಲ್ಲಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಮಿದುಳು, ಬೆನ್ನುಹುರಿಯ ಮೇಲೆ ತಿರುಗಿಬಿದ್ದಿರುವ ಸುಳಿವು ಅದು. ಅದೊಂದನ್ನೇ ನಂಬದೆ, ಎಂಆರ್‌ಐ ಚಿತ್ರ, ಲಕ್ಷಣ ಎಲ್ಲ ಕೂಡಿಸಿ ಡಾಕ್ಟರು ಹೆಸರು ಹೇಳುತ್ತಾರೆ: ಮಲ್ಟಿಪಲ್ ಸ್ಕ್ಲೆರೋಸಿಸ್. ಪೂರ್ತಿ ವಾಸಿಯಾಗದು, ಔಷಧದಿಂದ ಹಿಡಿತದಲ್ಲಿಡಬಹುದು.

ಮೊನ್ನೆ ರಾಜಶ್ರೀ ಔಷಧಕ್ಕೆ ಬಂದಾಗ ಹೊಳೆವ್ವ ಕೇಳಿದ್ದು ಕೂಸಿನ ವಿಷಯ ಮಾತ್ರ. ಸಿಕ್ಕ ಉತ್ತರವನ್ನು ನನಗೆ ಅವಳೇ ಹೇಳುತ್ತಾಳೆ:

“ತಾಯಿ ಹಂತೇಕ ಮಲಗಾಕತ್ತೈತಂತರಿ. ಸೋಮವ್ವ ಬಾಗಲಾ ಮಾತ್ರ ಮುಚ್ಚಗೊಡೂದಿಲ್ಲಂತ, ರಾತ್ರಿ ಮೂರ ಸಲ ಎದ್ದು ಹಣಕಿ ಹಾಕ್ತಾಳಂತ.” ಹೊಳೆವ್ವ ನಗುತ್ತಾಳೆ. “ಇರಲಿ ಬಿಡ್ರಿ. ಬಾಗಲಾ ತಗದಿದ್ರೂ, ಇಬ್ರೂ ಕೂಡೇ ಮಲಗ್ಯಾರಲ್ಲ.”