ತಡವರಿಸದೆ ಓದಿದ ಹಾಳೆ

ಅಕ್ಕ ನನ್ನಿಂದ ಬೇಡಿದ್ದು ಒಂದೇ, ನನಗೆ ಬರುವಷ್ಟು ಓದು. ಅದನ್ನೂ ನಾನು ಕೊಡಲಿಲ್ಲ. ಈಗಲೂ ನಿಲಂಗಾದ ಬಜಾರಿನಲ್ಲಿ ಯಾರಾದರೂ ಗೋಣಿಚೀಲಕ್ಕೆ ಮಸಿ ಹಚ್ಚುತ್ತಿದ್ದರೆ, ಸೀಮೆಎಣ್ಣೆ ಬೆರೆತ ಆ ಕಮಟು ವಾಸನೆಗೆ ಮರಾಠಿ ಸೀಮೆಯ ಕಾಸಾರಶಿರಸಿಯ ನಮ್ಮ ಮನೆ ಎದ್ದು ಬರುತ್ತದೆ: ಮುಂದೆ ಅಂಗಡಿ, ಹಿಂದೆ ತೊಗರಿ ಚೀಲಗಳ ಕೋಣೆ, ಧೂಳಿನೊಳಗೆ ಓರೆಯಾಗಿ ಇಳಿಯುವ ಬಿಸಿಲು. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಅದರಲ್ಲಿದ್ದ ನಮ್ಮ ಜಂಬ ಮಾತ್ರ ಹೋಗಲಿಲ್ಲ.

ಅಪ್ಪನಿಗೆ ಅಕ್ಷರವೆಂದರೆ ಸಿಂಗರಿಸಿದ ಮದುವೆಯ ಕುದುರೆ. ಬಳ್ಳಿ ಬೇಕು, ನೆರಳು ಬೇಕು, ಬಾಲ ಬೇಕು. ಬೀದರ ಕಡೆ ಹೋಗುವ ಚೀಲಗಳ ಮೇಲೆ ಅಂಗಡಿಯ ಹೆಸರನ್ನು ಕನ್ನಡದಲ್ಲಿ ಒತ್ತಲು ಅಂಥದ್ದೇ ಒಂದು ತಗಡಿನ ಅಚ್ಚು ಕೊರೆಸಿದ್ದ. ಮಸಿ ಸೆಣಬಿಗೆ ಹರಡಿ ಹೆಸರೆಲ್ಲ ಕರಿ ಗಂಟಾಗುತ್ತಿತ್ತು. ಆಗ ಶಾಲೆಯಲ್ಲಿದ್ದ ಅಕ್ಕ ಒಂದು ಹಳೆಯ ಎಣ್ಣೆಡಬ್ಬಿ ಬಿಡಿಸಿ ಬೇರೆ ಅಕ್ಷರ ಕೊರೆದಳು. ಎಲ್ಲ ಕಡೆ ಒಂದೇ ದಪ್ಪ, ಬಾಲವಿಲ್ಲ, ಹೊಟ್ಟೆಯೊಳಗೆ ಮಸಿ ತುಂಬದಷ್ಟು ಜಾಗ. ಕೋಣೆಯ ಆ ತುದಿಯಿಂದಲೂ ಓದಬಹುದಿತ್ತು. ಅಪ್ಪ ತಿರುಗಿಸಿ ತಿರುಗಿಸಿ ನೋಡಿದ. "ವಿಭೂತಿ ಇಲ್ಲದ ಹಣಿ ಇದ್ದಂಗ ಬೋಳ ಅವ," ಎಂದು ಮೂಲೆಗೆ ಒಗೆದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಮರಾಠಿ ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟು, ಅಕ್ಕ ಹೇಳಿಕೊಟ್ಟ ಕನ್ನಡವನ್ನು ಬೆರಳಿಟ್ಟು ಓದುತ್ತಿದ್ದ ನನಗೆ ಅಕ್ಷರದ ಚಂದ ಬೇಕಾಗಿತ್ತು!

ಅಕ್ಕ ಉದಗೀರಿಗೆ ಸೊಸೆಯಾಗಿ ಹೋದಳು. ಅಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ರೂಪಿಸುವುದನ್ನು ಕಲಿತು, ಒಂದು ಕಂಪನಿಯವರು ಕೊಟ್ಟ ಕೆಲಸಕ್ಕೆ, ಮೊಬೈಲಿನಲ್ಲಿ ಓದಲಿಕ್ಕೆಂದು ಅದೇ ಬೋಳು ಅಕ್ಷರಗಳನ್ನು ವರ್ಷಗಟ್ಟಲೆ ತಿದ್ದಿದಳು. ಮುಗಿಯುವ ಹೊತ್ತಿಗೆ ಆ ಅಕ್ಷರಗಳಲ್ಲಿ ಅಚ್ಚು ಮಾಡಿದ ಒಂದು ಹಾಳೆ ಹಿಡಿದು ತವರಿಗೆ ಬಂದಳು. ಗೋಡೆಗೆ ಹಚ್ಚುತ್ತೇನೆ, ದೂರ ನಿಂತು ಓದು ಎಂದಳು. ನಾನೇ ಯಾಕೆ ಎಂದು ಕೇಳಿದೆ.

"ಓದು ಬಂದವರು ಊಹಿಸಿ ಓದತಾರ, ತಮ್ಮಾ. ನೀ ಎಲ್ಲಿ ತಡವರಸ್ತಿ, ಅಲ್ಲಿ ನನ್ನ ಅಕ್ಷರ ಸರಿ ಇಲ್ಲ."

ಅವತ್ತೇ ದೇವಣಿಯಿಂದ ನನಗೆ ಹೆಣ್ಣು ಕೊಡಲಿದ್ದ ಬೀಗರು ಬರುವವರಿದ್ದರು. ಅವರೆದುರು ತಡವರಿಸುವುದೇ? ಮುಂಜಾನೆ ಅಕ್ಕ ಪೂಜೆಗೆ ಕೂತಾಗ ಹಾಳೆಯನ್ನು ಎತ್ತಿಕೊಂಡು ಚೀಲಗಳ ಹಿಂದೆ ಅಡಗಿ ಬೆರಳಿಟ್ಟು ಓದಿದೆ. ಪ ಯಾವುದು, ಷ ಯಾವುದು ಎಂದು ತಿಳಿಯದೆ ಎರಡು ಕಡೆ ನಿಂತೆ. ಆಮೇಲೆ ಪೂರ್ತಿ ಬಾಯಿಪಾಠ ಮಾಡಿದೆ. ಮಧ್ಯಾಹ್ನ ಬೀಗರು ಕೂತರು. "ಏಳನೇ ಇಯತ್ತೆ ಪಂಡಿತರು ಓದ್ತಾರ, ಸುಮ್ಮ ಕೂಡ್ರಿ," ಎಂದ ಅಪ್ಪ. ನಾನು ಎಲ್ಲೂ ನಿಲ್ಲದೆ ಗಡಗಡ ಒಪ್ಪಿಸಿದೆ. ಬೀಗರು ಭೇಷ್ ಅಂದರು. ಅಕ್ಕ ನನ್ನನ್ನು ನೋಡಲೇ ಇಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನೇ ನೋಡುತ್ತ ನಿಂತಿದ್ದಳು, ಬಾಣಂತಿ ಕೂಸನ್ನು ನೋಡುವ ಹಾಗೆ. ಅದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ. ಬೀಗರ ಒಂದು ಭೇಷ್‌ಗೆ ತನ್ನನ್ನೇ ಮಾರಿಕೊಳ್ಳುವಷ್ಟು ಅಗ್ಗದ ಮನುಷ್ಯ ನಾನು.

ಕೆಲಸ ಕೊಟ್ಟವರು ಅಕ್ಷರಗಳನ್ನು ಹಿಂದಕ್ಕೆ ಕಳಿಸಿದರು. ಸಣ್ಣದಾಗಿ ಕಂಡಾಗ ಪ, ಷ ಒಂದೇ ಆಗುತ್ತವೆ, ವಯಸ್ಸಾದವರಿಗೆ ಓದಲಾಗುವುದಿಲ್ಲ ಎಂದರು. ನನ್ನ ತಮ್ಮ ನಿಲ್ಲದೆ ಓದಿದ್ದಾನೆ ಎಂದು ಅಕ್ಕ ಅವರೊಡನೆ ವಾದಿಸಿದಳು. ಕೆಲಸ ಮುರಿಯಿತು. ತನ್ನ ಕಣ್ಣೇ ಸರಿ ಇಲ್ಲ ಅಂದುಕೊಂಡು ಆಕೆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಬಿಟ್ಟಳು. ಅಷ್ಟರಲ್ಲಿ ಅಪ್ಪನೂ ಹೋದ.

ಈ ಬೇಸಿಗೆಯಲ್ಲಿ ಉದಗೀರಿಗೆ ಹೋದೆ. ಚಹಾ ಕುಡಿದು, ಆ ಹಾಳೆ ಇದೆಯೇ ಎಂದು ಕೇಳಿದೆ. ಅಕ್ಕ ತಂದು ಗೋಡೆಗೆ ಹಿಡಿದಳು. ಬಾಯಿಪಾಠವೆಲ್ಲ ಮರೆತುಹೋಗಿತ್ತು. ದೂರ ನಿಂತು ಒಂದೊಂದೇ ಅಕ್ಷರ ಕೂಡಿಸುತ್ತ ಹೋದೆ, ಎರಡನೆಯ ಸಾಲಿನ ಷ ಹತ್ತಿರ ಸಿಕ್ಕಿಕೊಂಡೆ. ಅಕ್ಕ ಹಾಳೆಯನ್ನು ನಿಧಾನವಾಗಿ ಕೆಳಗಿಳಿಸಿದಳು.

"ಅಕ್ಕಾ, ಅವತ್ತ ನಾ ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದೆ. ಮುಂಜಾನಿ ಕದ್ದು ಓದುವಾಗ ಇದೇ ಅಕ್ಷರದಾಗ ತಡವರಿಸಿದ್ದೆ. ಮಂದಿ ನಗ್ತಾರಂತ ಮುಚ್ಚಿಟ್ಟೆ. ನಿನ್ನ ಕಣ್ಣಿಂದೇನೂ ತಪ್ಪಿಲ್ಲ, ತಪ್ಪ ನಂದದ. ಕ್ಷಮಾ ಮಾಡು."