ಬಂದೂಕಿನ ಬಾಯಿಗೆ ಮರದ ಬಳೆ

ಹೋದ ವಾರ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ನನ್ನ ಹಳೆಯ ಡ್ರಾಯಿಂಗ್ ಸಾಮಾನು ಹುಡುಕುತ್ತಿದ್ದೆ. ಸಿಕ್ಕಿದ್ದು ನಾಲ್ಕು ಬೆರಳಗಲದ ಒಂದು ಮರದ ಬಳೆ. ಸಾಗುವಾನಿಯದು. ಮೂಗಿನ ಹತ್ತಿರ ತಂದರೆ ಲೇಥ್ ಮಷೀನಿನ ಎಣ್ಣೆಯ ವಾಸನೆ ಇನ್ನೂ ಹಾಗೇ ಇತ್ತು. ಮೂವತ್ತು ವರ್ಷ ದಾಟಿದೆ.

ಆಗ ನಾನು ಘಾಟ್ಕೋಪರಿನ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಮನೆ ಚೆಂಬೂರಿನಲ್ಲಿ. ಆಫೀಸಿನ ಹಿಂದಿನ ಗಲ್ಲಿಯಲ್ಲಿ ಸಾಲಾಗಿ ಸಣ್ಣ ವರ್ಕ್‌ಶಾಪುಗಳಿದ್ದವು. ಅದರಲ್ಲೊಂದು, ಮರ-ಕಬ್ಬಿಣ ತಿರುಗಿಸಿ ಕಡೆಯುವ ಲೇಥ್ ಮಷೀನಿನದು, ಬೆಳಗಾವಿ ಕಡೆಯ ಒಬ್ಬರದು. ಎಲ್ಲರೂ ಅವರನ್ನು ಲೇಥ್‌ನವರು ಎಂದೇ ಕರೆಯುತ್ತಿದ್ದರು, ನಾನೂ ಕೂಡ. ಮಧ್ಯಾಹ್ನ ಒಂದರಿಂದ ಎರಡರವರೆಗೆ ನನ್ನ ಊಟದ ಡಬ್ಬಿ ಬಿಚ್ಚಿಕೊಳ್ಳುತ್ತಿದ್ದುದು ಅವರ ಸ್ಟೂಲಿನ ಮೇಲೆ. ಕನ್ನಡ ಮಾತಾಡುವ ಹಂಬಲ ಅರ್ಧ, ಅವರ ಶೇಂಗಾ ಚಟ್ನಿಯ ಆಸೆ ಅರ್ಧ. ಊಟವಾದ ಮೇಲೆ ಇಂಗ್ಲಿಷ್ ಪೇಪರನ್ನು ನಾನು ಓದಿ ಅವರಿಗೆ ಕನ್ನಡದಲ್ಲಿ ಹೇಳಬೇಕು. ಸಾಲು ತಪ್ಪದಂತೆ ಬೆರಳಿಟ್ಟು ಓದುವುದು ನನ್ನ ಅಭ್ಯಾಸ.

ಅವರದೂ ಒಂದು ಪದ್ಧತಿಯಿತ್ತು. ಹೊಸ ಕೆಲಸ ಯಾವುದೇ ಬರಲಿ, ಮೊದಲು ಅದನ್ನು ಮರದಲ್ಲಿ ಮಾಡುತ್ತಿದ್ದರು. ಗಿರಾಕಿ ಕೈಯಲ್ಲಿ ಹಿಡಿದು ಸರಿ ಎಂದ ಮೇಲೆ ಕಬ್ಬಿಣ. ಮರದ ನಮೂನೆ ಒಪ್ಪಿದರೆ ಮಾತು ಕೊಟ್ಟ ಹಾಗೆ, ಆಮೇಲೆ ಆಗುವುದಿಲ್ಲ ಅನ್ನುವ ಹಾಗಿಲ್ಲ. ಮಾಡಿದ್ದನ್ನು ಮೇಜಿಗೆ ಒಮ್ಮೆ ಕುಟ್ಟಿ, ಕಿವಿಗೊಟ್ಟು ಕೇಳಿ, ಸದ್ದು ಹಿಡಿಸಿದರೆ ತಲೆಯಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಇಸ್ತ್ರಿ ಶರ್ಟಿನ ಒಬ್ಬ ಮನುಷ್ಯ ಚಾದರದಲ್ಲಿ ಸುತ್ತಿದ ಬಂದೂಕು ತಂದ. ಮಲಾಡಿನಲ್ಲಿ ಶೂಟಿಂಗ್ ಇದೆ, ಸಿನಿಮಾದ ಸಾಮಾನು ಎಂದ. ಜೊತೆಗೆ ದಪ್ಪನೆಯ ಒಂದು ಕೊಳವೆಯಿತ್ತು. ಅದು ಬಂದೂಕಿನ ಬಾಯಿಗೆ ಕೂರಬೇಕು. ಆದರೆ ಬಾಯಿ ನುಣ್ಣಗಿತ್ತು, ತಿರುಗಿಸಿ ಕೂರಿಸಲು ಅದರ ಮೇಲೆ ಥ್ರೆಡ್ ಇರಲಿಲ್ಲ. ಎರಡನ್ನೂ ಹಿಡಿದು ನಿಲ್ಲಿಸುವ ಒಂದು ಬಳೆ ಬೇಕಾಗಿತ್ತು. ಇನ್ನೆರಡು ಕಡೆ ಆಗುವುದಿಲ್ಲ ಎಂದಿದ್ದರಂತೆ. ಅದನ್ನು ಕೇಳಿಯೇ ಲೇಥ್‌ನವರ ಕಣ್ಣು ಹೊಳೆಯಿತು.

ಮರದ ಬಳೆ ಅವತ್ತೇ ಆಯಿತು. ಗಿರಾಕಿ ಒಂದು ಕಣ್ಣು ಮುಚ್ಚಿ ನೋಡಿ, “ಸೀಧಾ ಹೋನಾ ಚಾಹಿಯೇ ಚಾಚಾ. ಬಾಲ್ ಬರಾಬರ್ ಭೀ ಟೇಢಾ ನಹೀ ಚಲೇಗಾ” ಎಂದ. ಕೂದಲೆಳೆಯಷ್ಟೂ ಓರೆಯಾಗಬಾರದು. ಇವರು ಆಯಿತೆಂದರು. ಬಂದೂಕು, ಕೊಳವೆ ಅಲ್ಲೇ ಬಿಟ್ಟು ಅವನು ಹೋದ ಮೇಲೆ ಬಳೆಯನ್ನು ಮೇಜಿಗೆ ಕುಟ್ಟಿದರು. ಮತ್ತೊಮ್ಮೆ ಕುಟ್ಟಿದರು.

“ಇದು ಮೂಕ ಐತ್ರಿ ಸರ” ಎಂದರು.

ನನಗೂ ಏನೂ ಕೇಳಿಸಿರಲಿಲ್ಲ. ಹೊರಗೆ ಗದ್ದಲವಿದ್ದೀತು ಎಂದುಕೊಂಡೆ. ಹೊರಗೆ ಗದ್ದಲವಿತ್ತೋ ಇಲ್ಲವೋ... ಈಗ ಎಷ್ಟು ನೆನೆದರೂ ಹೊಳೆಯುವುದಿಲ್ಲ.

ಮೂರು ದಿನ ಹಟ ಹಿಡಿದು ಕೂತು ಕಬ್ಬಿಣದ ಬಳೆ ಮಾಡಿದರು. ಬಂದೂಕು, ಕೊಳವೆ, ಬಳೆ ಎಲ್ಲವೂ ಚಾದರದೊಳಗೆ ಸೇರಿ ಹೊರಟುಹೋದವು. ಲೇಥ್‌ನವರು ಹಿಗ್ಗಿನಿಂದ ಚಹಾ ತರಿಸಿದರು. ನನಗೋ ಕಾಲೆಳೆಯದಿದ್ದರೆ ಊಟ ಅರಗುತ್ತಿರಲಿಲ್ಲ. “ಸಿನಿಮಾದ ಬಂದೂಕು ಯಾರಿಗೆ ಗುರಿ ಇಡಬೇಕು ಅಂತ ಅಷ್ಟೊಂದು ನೇರ ಮಾಡಿದ್ರಿ?” ಎಂದೆ.

ಅವರ ಲೋಟ ಬಾಯಿಯ ಹತ್ತಿರವೇ ನಿಂತಿತು. “ಹೌದಲ್ರಿ. ನೇರ ಯಾಕ್ ಬೇಕು?” ಎಂದರು. ಚಹಾ ಹಾಗೇ ಉಳಿಯಿತು.

ಮಾರನೆಯ ದಿನ ಲೇಥ್ ಭರ್ರೆಂದು ಓಡುತ್ತಿತ್ತು. ಅವರು ಅದರ ಪಕ್ಕದಲ್ಲೇ ನಿಂತು, “ಮಷೀನ್ ಸಪ್ಪಳಾ ಮಾಡವಲ್ದು ನೋಡ್ರಿ” ಎಂದರು. ನಾನು ನಕ್ಕೆ. ಎರಡು ದಿನ ಬಿಟ್ಟು ಗಲ್ಲಿಯ ತುದಿಯಲ್ಲಿ ಲೋಕಲ್ ರೈಲು ಹಾದುಹೋಗುವುದನ್ನು ನೋಡುತ್ತಾ, ಅದೂ ಸಪ್ಪಳವಿಲ್ಲದೆ ಹೋಯಿತು ಎಂದರು. ನನ್ನ ಮಾತು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ದಿನವೂ ಪೇಪರ್ ಓದಿಸಿ, “ಗುಂಡಿನ ಸುದ್ದಿ ಏನರೆ ಐತೇನ್ರಿ?” ಎಂದು ಕೇಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಡಬ್ಬಿ ತೊಳೆದು ತಿರುಗಿದೆ. ಬೆಲ್ಟು ಓಡುತ್ತಿತ್ತು, ಲೋಹದ ಸುರುಳಿಗಳು ಉದುರುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. ಎರಡೇ ಉಸಿರಿನಷ್ಟು ಹೊತ್ತು... ಆಮೇಲೆ ಎಲ್ಲವೂ ಒಟ್ಟಿಗೆ ಕಿವಿಗೆ ಬಡಿಯಿತು. ಇದನ್ನು ನಾನು ಅವರಿಗೆ ಹೇಳಲಿಲ್ಲ.

ತಿಂಗಳಾಗಿರಬೇಕು. ಪೇಪರಿನ ಒಳಪುಟದಲ್ಲಿ ಆರು ಸಾಲು: ಮಲಾಡಿನಲ್ಲಿ ಒಬ್ಬ ಮನುಷ್ಯ ಬಾಲ್ಕನಿಯಲ್ಲಿ ಕೂತಲ್ಲೇ ಗುಂಡು ತಗಲಿ ಸತ್ತಿದ್ದ. ಪಕ್ಕದ ಮನೆಯವರಿಗೂ ಸದ್ದು ಕೇಳಿಸಿರಲಿಲ್ಲ. ನಾನು ಅದನ್ನು ಬಿಟ್ಟು ಮುಂದಿನ ಸುದ್ದಿಗೆ ಹೋದೆ.

“ಸರ, ಬೆರಳು ಹಾರಿಸಿದ್ರಿ.”

ಕೂದಲೆಳೆ ಓರೆಯಾದರೂ ಹಿಡಿಯುವ ಕಣ್ಣು ಅದು. ಓದಿದೆ. “ಸಪ್ಪಳಾ ಎಲ್ಲಿ ಹೋತು ಅಂತ ಈಗ ತಿಳೀತು. ಆ ಕೊಳವಿ ನುಂಗೇತ್ರಿ” ಎಂದರು. ಆಮೇಲೆ ಹೇಳಿದರು, “ಪೊಲೀಸ್ ಠಾಣೆಗೆ ಹೋಗೂಣ್ರಿ. ನನ್ನ ಹಿಂದಿ ನಟ್ಟು-ಬೋಲ್ಟಿಗಷ್ಟ ಸಾಲ್ತದ. ಅವನ ಮಾರಿ ನಾ ನೋಡೇನಿ, ನೀವೂ ನೋಡೀರಿ. ನೀವು ಬಂದ್ರ ನಾ ಎಲ್ಲಾ ಹೇಳ್ತೀನಿ.”

ನಾಳೆ ಒಂದು ಗಂಟೆಗೆ ಬರುತ್ತೇನೆ ಎಂದೆ.

ಹೋಗಲಿಲ್ಲ. ಚಾದರದವನು ನನ್ನ ಮುಖವನ್ನೂ ನೋಡಿದ್ದ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು. ಕಾರಣಗಳಿಗೇನು ಬರ, ಬೇಕಾದಷ್ಟಿದ್ದವು. ಸರಿಯಾಗಿ ಹೇಳಬೇಕೆಂದರೆ ಹೆದರಿದೆ. ಎಂಟು ದಿನ ಆಫೀಸಿನೊಳಗೇ ಊಟ ಮಾಡಿದೆ. ಒಂಬತ್ತನೆಯ ದಿನ ತಡೆಯಲಾರದೆ ಹೋದರೆ ಶಟರಿಗೆ ಬೀಗ.

ಎದುರಿನ ಚಹಾದಂಗಡಿಯವರು ಕುಂದಾಪುರದ ಕಡೆಯವರು. “ಎಂಟು ದಿನವೂ ಬಿಳಿ ಅಂಗಿ ಹಾಕಿಕೊಂಡು ನಿಮ್ಮ ದಾರಿ ನೋಡಿದ್ರು ಮಾರಾಯ್ರೆ” ಎಂದರು. “ಒಂದು ಗಂಟೆಗೆ ಕೂತ್ರೆ ಎರಡಕ್ಕೆ ಏಳೋದು. ಮಷೀನು ಖಾಲಿ ತಿರುಗ್ತಾ ಇತ್ತು. ನಿನ್ನೆ ಒಬ್ಬರೇ ಠಾಣೆ ಕಡೆ ಹೋದ್ರು. ಮತ್ತೆ ಬರಲಿಲ್ಲ.” ಗಲ್ಲಾದ ಪಕ್ಕದಿಂದ ಒಂದು ಪೊಟ್ಟಣ ತೆಗೆದುಕೊಟ್ಟರು. ಬಿಚ್ಚಿದರೆ ಈ ಬಳೆ. ನಾನು ಬಂದರೆ ಠಾಣೆಗೆ ತಂದು ಪೊಲೀಸರಿಗೆ ತೋರಿಸಲಿ ಎಂದು ಹೇಳಿ ನನಗಾಗಿ ಬಿಟ್ಟಿದ್ದರಂತೆ.

ಅವರು ಠಾಣೆ ಮುಟ್ಟಿದರೇ, ದಾರಿಯಲ್ಲಿ ಏನಾದರೂ ಆಯಿತೇ, ಊರಿಗೆ ಹೋದರೇ... ತಿಳಿಯಲಿಲ್ಲ. ತಿಳಿದುಕೊಳ್ಳಲು ಠಾಣೆಗೆ ಹೋಗಬೇಕಿತ್ತು, ಅದಕ್ಕೂ ನಾನು ಹೋಗಲಿಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗಿನಿಂದಲೂ ಠಾಣೆ ಹತ್ತು ನಿಮಿಷದ ದಾರಿ. ಮೂವತ್ತು ವರ್ಷದಿಂದ ಅದು ಹತ್ತೇ ನಿಮಿಷ. ಅಂಥ ಮನುಷ್ಯನನ್ನು ನಾನು ಕಳೆದುಕೊಳ್ಳಲಿಲ್ಲ, ಕೈಬಿಟ್ಟೆ.

ಹೋದ ವಾರ ಪೆಟ್ಟಿಗೆ ಮುಚ್ಚುವ ಮೊದಲು ಬಳೆಯನ್ನು ಅವರ ಹಾಗೆಯೇ ಮೇಜಿಗೆ ಒಮ್ಮೆ ಕುಟ್ಟಿದೆ. ಏನೂ ಕೇಳಲಿಲ್ಲ. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದುಕೊಂಡು ಮತ್ತೊಮ್ಮೆ ಕುಟ್ಟಿದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು, “ಯಾರೋ ಬಾಗಿಲು ತಟ್ತಿದಾರೆ, ನೋಡಬಾರದೇ?”

ಎದ್ದು ಹೋಗಿ ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಮಧ್ಯಾಹ್ನ ಗಂಟೆ ಒಂದಾಗಿತ್ತು, ಅವರು ಬಿಳಿ ಅಂಗಿ ಹಾಕಿ ಕಾಯುತ್ತಿದ್ದ ಹೊತ್ತು.